ಗೋಡೆ ಮಗ್ಗುಲಿನ ನೀರು

ನನ್ನ ಗೆಳೆಯ ದುಡಿಮೆಯ ಕಾಲವನ್ನೆಲ್ಲ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಳೆದ. ಮೇಲಿನ ಅಂತಸ್ತಿನಲ್ಲಿ ಶಸ್ತ್ರಚಿಕಿತ್ಸೆಗೆ ಬಳಸಿದ ಕತ್ತರಿ, ಚಿಮಟ, ಬಟ್ಟಲು, ಬಟ್ಟೆ ಎಲ್ಲವೂ ಅವನ ಬಳಿಗೆ ಇಳಿದು ಬರುತ್ತಿದ್ದವು. ಅವನ್ನು ತೊಳೆದು, ಒಣಗಿಸಿ, ಗಂಟು ಕಟ್ಟಿ, ಆಳೆತ್ತರದ ಉಕ್ಕಿನ ಯಂತ್ರದೊಳಗಿಟ್ಟು ಬಾಗಿಲು ಬಿಗಿದರೆ ಒಳಗೆ ಹಬೆ ತುಂಬುತ್ತಿತ್ತು. ಆ ಹಬೆಯಿಂದ ಹೊರಬಂದ ವಸ್ತುವಿನ ಮೇಲೆ ಜೀವವಿರುವ ಯಾವುದೂ ಉಳಿದಿರಬಾರದು. ಅವನ ಕೆಲಸ ಅದು. ಹಾಗಾಗಿ ಎಲ್ಲರ ಬಾಯಲ್ಲಿ ಅವನು ಹಬೆಯಣ್ಣ. ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುವಷ್ಟರಲ್ಲಿ ಕರೆದವರು ಹೊರಟುಹೋಗಿರುತ್ತಿದ್ದರು.

ನಾನು ಅದೇ ನೆಲಮಾಳಿಗೆಯ ಇನ್ನೊಂದು ತುದಿಯಲ್ಲಿ ಔಷಧಿ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ನಮ್ಮಿಬ್ಬರ ನಡುವೆ ಉದ್ದನೆಯ ಓಣಿ, ಓಣಿಯ ಮಧ್ಯದಲ್ಲಿ ಟೀ ಕಾಯಿಸುವ ಕೋಣೆ. ಅಲ್ಲಿ ನಮ್ಮ ಸ್ನೇಹ ಬೆಳೆಯಿತು. ಟೀ ಹಾಕುವ ಮುಂಚೆ ಅವನು ಇಬ್ಬರ ಲೋಟಗಳಿಗೂ ಕುದಿಯುವ ನೀರು ಸುರಿದು ಅಲುಗಿಸಿ ಚೆಲ್ಲುತ್ತಿದ್ದ. ಲೋಟದ ಬಿಸಿಗೇ ಬೆರಳು ಸುಡುತ್ತಿತ್ತು. "ಟೀ ಆರಿದ ಮೇಲೂ ಲೋಟ ಆರಲ್ಲವಲ್ಲೋ" ಎಂದು ನಾನು ಬೈದರೆ, "ಆರಿದ ಲೋಟ ನಂಬಬಾರದು ಕಣೋ" ಎನ್ನುತ್ತಿದ್ದ.

ಅವನು ಹೋದ ಮೇಲೆ ಎಲ್ಲರೂ ಅವನ ಶುಚಿತ್ವವನ್ನೇ ಹೊಗಳಿದರು. ನನ್ನ ಕಣ್ಣ ಮುಂದೆ ಬರುವುದು ಬೇರೆ. ಒಂದು ತೊಟ್ಟಿ ನೀರನ್ನು ತೊಳೆಯದೆ ಹಾಗೇ ಬಿಡುವುದಕ್ಕೆ ಅವನು ಪಟ್ಟ ಪಾಡು.

ಅವನಿಗೆ ಇದ್ದದ್ದು ಒಬ್ಬಳೇ ಅಕ್ಕ. ಅಪ್ಪ ಅಮ್ಮ ಬೇಗ ತೀರಿಕೊಂಡಾಗ ಅವನಿಗಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವಳೇ ಸಾಕಿದಳು, ಓದಿಸಿದಳು, ಕೊನೆಗೆ ತಾನಿದ್ದ ಆಸ್ಪತ್ರೆಯಲ್ಲೇ ಕೆಲಸಕ್ಕೂ ಸೇರಿಸಿದಳು. ಅಕ್ಕ ಅಲ್ಲಿ ಟೆಲಿಫೋನ್ ಆಪರೇಟರ್. ಹೊರಗಿನ ಕರೆಗಳನ್ನು ಒಳಗೆ ಜೋಡಿಸುವುದು, ಯಾರಾದರೂ ತುರ್ತಾಗಿ ಬೇಕಾದರೆ ಧ್ವನಿವರ್ಧಕದಲ್ಲಿ ಕೂಗುವುದು ಅವಳ ಕೆಲಸ. ಮುಖ ನೋಡದವರಿಗೂ ಅವಳ ದನಿ ಗೊತ್ತಿತ್ತು. ಅಂಥ ದನಿಯಲ್ಲಿ ಇಡೀ ಆಸ್ಪತ್ರೆಗೆ ಕೇಳುವಂತೆ ಒಮ್ಮೆ, "ನೆಲಮಾಳಿಗೆಯ ಹಬೆ ವಿಭಾಗದವರು ಊಟದ ಡಬ್ಬಿ ಮನೆಯಲ್ಲೇ ಮರೆತು ಬಂದಿದ್ದಾರೆ, ಟೆಲಿಫೋನ್ ಕೋಣೆಗೆ ಬರಬೇಕು" ಎಂದು ಕೂಗಿದ್ದಳು. ಅವನು ಮೆಟ್ಟಿಲು ಹತ್ತುವಾಗ ಪ್ರತಿ ಅಂತಸ್ತಿನಲ್ಲೂ ಜನ ಚಪ್ಪಾಳೆ ತಟ್ಟಿದ್ದರು.

ಇಬ್ಬರೂ ಮದುವೆಯಾಗಲಿಲ್ಲ. ಅವಳು ಯಾಕೆ ಆಗಲಿಲ್ಲ ಎಂದು ಯಾರೂ ಕೇಳುವ ಧೈರ್ಯ ಮಾಡಲಿಲ್ಲ. ಅವನ ವಿಷಯ ಬಂದರೆ ಅವಳೇ ಹೇಳುತ್ತಿದ್ದಳು: "ಇವನಿಗೆ ಹೆಂಡ್ತಿ ತರೋದಾದ್ರೆ ಮೊದಲು ಕುದಿಸಿ ಕೊಡಬೇಕು. ಯಾವ ಹುಡುಗಿ ಒಪ್ತಾಳೆ?"

ಅವಳು ನಿವೃತ್ತಿಯಾದ ಮಾರನೇ ವರ್ಷ ಪಾರ್ಶ್ವವಾಯು ಹೊಡೆಯಿತು. ಮಾತು ಹೋಯಿತು, ಕೈಕಾಲು ಹೋದವು. ಕಣ್ಣು ಉಳಿಯಿತು. ಕಣ್ಣಿನ ಹಿಂದೆ ಅಕ್ಕ ಪೂರ್ತಿ ಉಳಿದಿದ್ದಳು. ಅದೇ ಕಷ್ಟದ ವಿಷಯ. ಕಣ್ಣು ಮುಚ್ಚಿ ತೆರೆದರೆ ಹೌದು, ಸೂರಿನ ಕಡೆ ನೋಡಿದರೆ ಬೇಡ. ಅಷ್ಟರಲ್ಲೇ ಅವಳು ತಮ್ಮನನ್ನು ಗದರುತ್ತಿದ್ದಳು, ನನ್ನನ್ನು ಗೇಲಿ ಮಾಡುತ್ತಿದ್ದಳು. ನಾನು ಅಂಗಿಯ ಗುಂಡಿ ತಪ್ಪಿಸಿ ಹಾಕಿಕೊಂಡು ಹೋದ ದಿನ ಅವಳ ಕಣ್ಣು ಒಂದೊಂದೇ ಗುಂಡಿ ಇಳಿದು ಮತ್ತೆ ನನ್ನ ಮುಖಕ್ಕೆ ಬಂದು ನಿಂತಿತ್ತು.

ಹಾಸಿಗೆ ಹುಣ್ಣು ಆಗದಿರಲೆಂದು ಎರಡು ಗಂಟೆಗೊಮ್ಮೆ ಅವಳ ಮಗ್ಗುಲು ಬದಲಿಸಬೇಕಿತ್ತು. ಹಗಲು ಆ ಕೆಲಸಕ್ಕೆ ಒಬ್ಬ ಆಯಾ ಬರುತ್ತಿದ್ದಳು, ಉಳಿದ ಹೊತ್ತು ತಮ್ಮ. ಕೋಣೆ ಇಕ್ಕಟ್ಟಿನದು. ಒಂದು ಮಗ್ಗುಲಿಗೆ ತಿರುಗಿಸಿದರೆ ಕಿಟಕಿ: ಎದುರುಮನೆಯ ತಾರಸಿ, ಒಣಗಲು ಹಾಕಿದ ಬಟ್ಟೆ, ಕೊಳವೆಯ ಮೇಲೆ ಕೂರುವ ಕಾಗೆ. ಇನ್ನೊಂದು ಮಗ್ಗುಲಿಗೆ ಬರೀ ಗೋಡೆ. ಮಂಚವನ್ನು ಹೇಗೆ ತಿರುಗಿಸಿ ಹಾಕಿದರೂ ಒಂದು ಮಗ್ಗುಲಿಗೆ ಗೋಡೆ ತಪ್ಪುತ್ತಿರಲಿಲ್ಲ. ಕಿಟಕಿಯ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸುವಾಗ ಅಕ್ಕನ ಕಣ್ಣಲ್ಲಿ ನೀರು ಬರುತ್ತಿತ್ತು. ಸದ್ದಿಲ್ಲದ ಅಳು. ಕೆಳಗಿನ ಕಣ್ಣಿನಿಂದ ದಿಂಬಿಗೆ ಇಳಿದು ಅಲ್ಲೇ ಇಂಗುತ್ತಿತ್ತು. ತಮ್ಮ ದಿನಾ ದಿಂಬಿನ ಚೀಲ ಬದಲಿಸುತ್ತಿದ್ದ.

"ಆ ಗೋಡೆಗೆ ಏನಾದ್ರೂ ಮಾಡಬೇಕು ಕಣೋ" ಎಂದ ಒಂದು ದಿನ ಟೀ ಕೋಣೆಯಲ್ಲಿ. "ದಿನದ ಅರ್ಧ ಅವಳು ಸುಣ್ಣ ನೋಡ್ಕೊಂಡು ಮಲಗಿರ್ತಾಳೆ."

ಟಿವಿ ಇಟ್ಟು ನೋಡಿದ. ಅಕ್ಕ ಕಣ್ಣು ಮುಚ್ಚಿಬಿಟ್ಟಳು, ತೆರೆಯಲೇ ಇಲ್ಲ. ನಿಲ್ಲಿಸು ಎಂದು ಹೇಳಲಾಗದವರ ಮುಂದೆ ಗದ್ದಲ ಇಡಬಾರದು ಎಂದು ಅವನಿಗೇ ಅನಿಸಿತು. ಚಿತ್ರ ತೂಗುಹಾಕಲೇ ಎಂದು ಕೇಳಿದ. ಸೂರು. ಹಕ್ಕಿ? ಸೂರು, ತಕ್ಷಣ. ಪಂಜರದೊಳಗಿನದನ್ನು ಅವಳು ಯಾಕೆ ನೋಡಿಯಾಳು? ಸುಮ್ಮನೆ ಬಾಯಿಗೆ ಬಂತು ಎಂಬಂತೆ, "ಮೀನು?" ಎಂದ.

ಅಕ್ಕ ಕಣ್ಣು ಮುಚ್ಚಿದಳು. ತೆರೆದಳು. ಅವನು ನಂಬದೆ ಮತ್ತೆ ಕೇಳಿದ. ಮತ್ತೆ ಮುಚ್ಚಿ ತೆರೆದಳು, ಈ ಸಲ ಸ್ವಲ್ಪ ಸಿಟ್ಟಿನಿಂದ.

ಮೀನು ಸಾಕುವುದು ಅವನಿಗಾಗಲಿ ನನಗಾಗಲಿ ಗೊತ್ತಿರಲಿಲ್ಲ. ಪೇಟೆಯ ಹಿಂದಿನ ಬೀದಿಯಲ್ಲಿ ಬಣ್ಣದ ಮೀನಿನ ಅಂಗಡಿ ಇತ್ತು, ನಡೆಸುವಾಕೆ ದಪ್ಪ ಕನ್ನಡಕದ ಹೆಂಗಸು. ಅಲ್ಲಿಂದ ಒಂದು ಗಾಜಿನ ತೊಟ್ಟಿ, ಗುಳ್ಳೆ ಬಿಡುವ ಫಿಲ್ಟರ್, ಅದರೊಳಗೊಂದು ಸ್ಪಂಜು, ಒಂದು ಚೀಲ ಬೆಣಚುಕಲ್ಲು ತಂದೆವು. ಆಕೆ ಏನೇನೋ ಹೇಳಲು ಬಂದಳು. ಅವನು, "ಶುಚಿ ವಿಷಯ ನನಗೆ ಬಿಡಿ ಅಮ್ಮ, ಅದೇ ನನ್ನ ಕಸುಬು" ಎಂದು ಹೆಮ್ಮೆಯಿಂದ ಹೊರಟೇಬಿಟ್ಟ.

ತೊಟ್ಟಿ ಇಡಲು ಅಕ್ಕನ ಹೊಲಿಗೆ ಯಂತ್ರದ ಮೇಜನ್ನು ಗೋಡೆಗೆ ಒತ್ತಿ ಹಾಕಿದ. ಆಮೇಲೆ ಅವನು ಮಾಡಿದ್ದು ನೋಡಿ. ಆಯಾ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಲೆ ಬಾಚುತ್ತಿದ್ದ ಹೊತ್ತಿನಲ್ಲಿ ತಾನೇ ಮಂಚದ ಮೇಲೆ ಅಕ್ಕನ ಹಾಗೆ ಮಗ್ಗುಲಾಗಿ ಮಲಗಿದ. ಕೆನ್ನೆ ದಿಂಬಿಗೆ ಹಚ್ಚಿ, ಕತ್ತು ಅಲುಗಿಸದೆ, "ಸ್ವಲ್ಪ ಬಲಕ್ಕೆ ತಳ್ಳೋ. ಇನ್ನೂ ಸ್ವಲ್ಪ. ಕೆಳಗೆ ಒಂದು ಹಲಗೆ ಕೊಡು" ಎಂದು ನನ್ನಿಂದ ಮೇಜು ಜರುಗಿಸಿದ. ಸರಿಹೋದ ಮೇಲೂ ಏಳಲಿಲ್ಲ. ಆ ಸುಣ್ಣದ ಗೋಡೆಯನ್ನು ನೋಡುತ್ತ ಎಷ್ಟೋ ಹೊತ್ತು ಮಲಗಿದ್ದ.

"ಏಳಿ ಅಣ್ಣ, ನಿಮ್ಮ ಮಗ್ಗುಲು ನಾನು ಬದಲಿಸಲ್ಲ" ಎಂದಳು ಆಯಾ.

ಕಲ್ಲುಗಳನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿದ. ಸ್ಪಂಜನ್ನು ಕುದಿಸಿದ. ನೀರನ್ನೂ ಕುದಿಸಿ, ಮುಚ್ಚಿಟ್ಟು ಆರಿಸಿದ. ಕೈಗವಸು ತೊಟ್ಟುಕೊಂಡು ಎಲ್ಲವನ್ನೂ ಜೋಡಿಸಿದ. ನೀರು ತುಂಬಿದ ತೊಟ್ಟಿ ಅಷ್ಟು ಸ್ವಚ್ಛವಾಗಿತ್ತೆಂದರೆ ನಾನು ಅಷ್ಟು ತಿಳಿಯಾದ ನೀರು ನೋಡಿರಲಿಲ್ಲ. ಮೂರು ಪುಟ್ಟ ಮೀನು ಬಿಟ್ಟೆವು. ಬಾಲ ಕಿತ್ತಳೆ ಬಣ್ಣದ್ದು, ಮೈ ಬೂದು. ಅಕ್ಕನನ್ನು ಗೋಡೆಯ ಕಡೆಗೆ ತಿರುಗಿಸಿದಾಗ ಅವಳ ಕಣ್ಣು ಒಂದು ಮೀನಿನ ಹಿಂದೆ ಹೋಯಿತು, ಅಲ್ಲಿಂದ ಇನ್ನೊಂದರ ಹಿಂದೆ. ಕರೆಗಳನ್ನು ಜೋಡಿಸುತ್ತಿದ್ದ ಕಾಲದ ಚುರುಕು ಅದರಲ್ಲಿತ್ತು. ತಮ್ಮ ಬಾಗಿಲ ಮರೆಯಲ್ಲಿ ನಿಂತು ಮೂಗು ಒರೆಸಿಕೊಂಡ.

ವಾರ ಕಳೆಯುವಷ್ಟರಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಒದ್ದಾಡತೊಡಗಿದವು. ಒಂದೊಂದಾಗಿ ಸತ್ತವು. ಮೂರನೆಯದು ಸತ್ತದ್ದು ಅಕ್ಕ ಗೋಡೆಯ ಮಗ್ಗುಲಲ್ಲಿದ್ದಾಗ. ಆಯಾ ಅಡುಗೆಮನೆಯಲ್ಲಿದ್ದಳು. ಬಂದು ನೋಡುವಾಗ ಮೀನು ಅಂಗಾತ ತೇಲುತ್ತಿತ್ತು, ಅಕ್ಕ ಅದನ್ನೇ ನೋಡುತ್ತಿದ್ದಳು. ಕತ್ತು ತಿರುಗಿಸಲು ಬಾರದವಳು ಮತ್ತೇನು ಮಾಡಿಯಾಳು? ಸುಣ್ಣದ ಗೋಡೆ ಕನಿಷ್ಠ ಸಾಯುತ್ತಿರಲಿಲ್ಲ.

"ಎಲ್ಲೋ ಕೊಳೆ ಉಳಿದಿದೆ" ಎಂದ ಹಬೆಯಣ್ಣ. ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಕಲ್ಲು, ಸ್ಪಂಜು, ಎಲ್ಲವನ್ನೂ ಇನ್ನಷ್ಟು ಹೊತ್ತು ಕುದಿಸಿ, ಹೊಸ ನೀರು ಹಾಕಿ ಹೊಸ ಮೀನು ತಂದ. ಅವೂ ಸತ್ತವು. ವಾರಕ್ಕೊಮ್ಮೆ ಎಲ್ಲವನ್ನೂ ಕುದಿಸತೊಡಗಿದ. ಮೀನು ಇನ್ನೂ ಬೇಗ ಸಾಯತೊಡಗಿದವು. ಅಕ್ಕನನ್ನು ಆ ಕಡೆಗೆ ತಿರುಗಿಸುವ ಮುಂಚೆ ಆಯಾ ತೊಟ್ಟಿಯ ಮೇಲೆ ಟವೆಲು ಹೊದಿಸಿ, ಒಳಗೆ ಇಣುಕಿ, ಬದುಕಿದ್ದರೆ ಮಾತ್ರ ಟವೆಲು ತೆಗೆಯುತ್ತಿದ್ದಳು.

"ನಮ್ಮಣ್ಣ ಮೀನಿಗೂ ಆಪರೇಷನ್ ಮಾಡೋಕೆ ಹೊರಟಿದಾರೆ ಅಕ್ಕೋರೆ" ಎಂದಳು ಒಮ್ಮೆ. ಅಕ್ಕ ನಗಲಿಲ್ಲ. ನಗುವಾಗ ಅವಳ ಬಾಯಿಯ ಎಡತುದಿ ಸ್ವಲ್ಪ ಅಲುಗುತ್ತಿತ್ತು. ಅದು ಅಲುಗಲಿಲ್ಲ.

ಮತ್ತೆ ಮೀನು ಕೇಳಲು ಹೋದಾಗ ಅಂಗಡಿಯಾಕೆ ಕೊಡಲಿಲ್ಲ. ಕನ್ನಡಕ ಮೇಲೇರಿಸಿಕೊಂಡು ನಮ್ಮಿಬ್ಬರನ್ನೂ ನೋಡಿದಳು.

"ಕೂತ್ಕೊಳ್ಳಿ ಇಬ್ಬರೂ. ನಿಮ್ಮ ಮನೇಲಿ ನನ್ನ ಮೀನಿಗೆ ಏನಾಗ್ತಿದೆ ಹೇಳಿ ಮೊದಲು."

ಅವನು ಹೇಳಿದ. ಕುದಿಸುವುದು, ಆರಿಸುವುದು, ಕೈಗವಸು, ಒಂದನ್ನೂ ಬಿಡದೆ ಹೇಳಿದ. ಆಕೆಯ ಕೈ ತಾನಾಗಿ ಹಣೆಗೆ ಹೋಯಿತು.

"ಅಯ್ಯೋ ದೇವರೇ. ಸಾರ್, ಮೀನು ಎಲ್ಲಿ ತಿನ್ನುತ್ತೋ ಅಲ್ಲೇ ಹೇಲುತ್ತೆ. ಆ ಹೊಲಸು ಅದಕ್ಕೇ ವಿಷ. ಅದನ್ನ ತಿಂದು ಅರಗಿಸೋ ಜೀವಗಳು ನೀರಲ್ಲಿ ಇರ್ತವೆ, ಕಣ್ಣಿಗೆ ಕಾಣಲ್ಲ. ಸ್ಪಂಜಲ್ಲಿ, ಕಲ್ಲಲ್ಲಿ ಮನೆ ಮಾಡ್ಕೊಂಡಿರ್ತವೆ. ಮೀನಿನ ಮನೆ ಗುಡಿಸೋ ಆಳುಗಳು ಅಂತ ತಿಳ್ಕೊಳ್ಳಿ. ನೀವು ವಾರಾವಾರ ಆ ಆಳುಗಳನ್ನ ಬೇಯಿಸ್ತಿದೀರಿ."

ಮಾರನೇ ದಿನ ಟೀ ಕೋಣೆಯಲ್ಲಿ ಹಬೆಯಣ್ಣ ಲೋಟಕ್ಕೆ ಕುದಿಯುವ ನೀರು ಸುರಿದು, ಅದನ್ನು ಚೆಲ್ಲದೆ ನೋಡುತ್ತ ನಿಂತ.

"ಇಷ್ಟು ವರ್ಷ ನಾನು ಮಾಡಿದ್ದು ಇದೇ ಅಲ್ವೇನೋ? ಇಲ್ಲಿ ಹೀಗೆ ಮಾಡಿದ್ರೆ ಜನ ಬದುಕ್ತಾರೆ. ಮನೇಲಿ ಮಾಡಿದ್ರೆ ಸಾಯ್ತವೆ."

"ಮೀನು ಬೇರೆ, ಜನ ಬೇರೆ ಕಣೋ."

"ಅಕ್ಕನ ಬೆನ್ನಲ್ಲಿ ಹುಣ್ಣು ಶುರುವಾಗಿದೆ" ಎಂದ. "ಅದೇ ಕೋಣೇಲಿ ನಾನು ನೀರು ಕೊಳೆಸಬೇಕಂತೆ."

ಅವನ ಸಂಕಟ ಇದು. ನಗುವುದು ಸುಲಭ, ನಾನೂ ಮೊದಮೊದಲು ನಕ್ಕಿದ್ದೆ. ಅಕ್ಕನನ್ನು ಉಳಿಸಿಕೊಂಡಿದ್ದದ್ದು ಅವನ ಶುಚಿ. ಗೋಡೆಯಿಂದ ಅವಳನ್ನು ಬಿಡಿಸಬೇಕೆಂದರೆ ಅದನ್ನೇ ಬಿಡಬೇಕಿತ್ತು.

ಅಂಗಡಿಯಾಕೆ ದಾರಿ ಹೇಳಿಕೊಟ್ಟಿದ್ದಳು. ಅವನು ಮತ್ತೆ ಹೋದಾಗ, ತನ್ನ ಅಂಗಡಿಯ ಹಳೆಯ ತೊಟ್ಟಿಯಲ್ಲಿ ಪಳಗಿದ, ಕಂದುಗಟ್ಟಿದ ಸ್ಪಂಜೊಂದನ್ನು ನೀರಿನ ಸಮೇತ ಚೀಲದಲ್ಲಿ ಹಾಕಿ ಕೊಟ್ಟಳು. ತೊಟ್ಟಿಯಲ್ಲಿ ಅದನ್ನು ಹಿಂಡಿ, ಅಲ್ಲೇ ಬಿಡಬೇಕು. ಮೀನು ಇಲ್ಲದಿದ್ದರೂ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಬೇಕು, ಅದು ಕೊಳೆತು ಆ ಕಾಣದ ಜೀವಗಳಿಗೆ ಮೇವಾಗುತ್ತದೆ. ನೀರು ಮಬ್ಬಾದರೂ, ಕಲ್ಲಿನ ಮೇಲೆ ಪಾಚಿ ಬಂದರೂ ಮುಟ್ಟಬಾರದು. ಅವಳು ಸರಿ ಎನ್ನುವವರೆಗೂ ಮೀನು ಇಲ್ಲ.

ಅವನು ಆ ಚೀಲವನ್ನು ಮನೆಯವರೆಗೆ ತಂದ. ಒಳಗೆ ತರಲು ಕೈ ಬರಲಿಲ್ಲ. ಹೊರಬಾಗಿಲ ಚಿಲಕಕ್ಕೆ ನೇತುಹಾಕಿ, ಕೈ ತೊಳೆದು ಒಳಹೋದ. ಬಿಸಿಲು ಬಿದ್ದು ಮಾರನೇ ದಿನಕ್ಕೆ ಅದು ನಾತ ಹೊಡೆಯಿತು. ಅಂಗಡಿಗೆ ಒಯ್ದು ತೋರಿಸಿದರೆ ಆಕೆ ಮೂಗು ಮುಚ್ಚಿಕೊಂಡು, "ಇದನ್ನೂ ಸಾಯಿಸಿದ್ರಾ ಪುಣ್ಯಾತ್ಮರೇ? ಇನ್ನು ನನ್ನ ಅಂಗಡೀಲಿ ನಿಮ್ಮ ಕೈಗೆ ಕೊಡೋಕೆ ಏನುಳಿದಿದೆ?" ಎಂದಳು. ಬೈದರೂ ಇನ್ನೊಂದು ಕೊಟ್ಟಳು.

"ಅದು ಸತ್ತಿದ್ದಕ್ಕೆ ಬೇಜಾರಾಯ್ತು ಕಣೋ" ಎಂದ ಅವನು ನನ್ನ ಬಳಿ. "ಕಾಣದ ಹುಳ ಸತ್ತಿದ್ದಕ್ಕೆ ನನಗೆ ಬೇಜಾರಾಗಿದ್ದು ಇದೇ ಮೊದಲು."

ಎರಡನೇ ಸಲ ಅವನು ಚೀಲ ಹಿಡಿದು ಅಕ್ಕನ ಮುಂದೆ ಕೂತ. ನಾನು ಪಕ್ಕದಲ್ಲಿದ್ದೆ.

"ಅಕ್ಕ, ಇದು ಕೊಳಕು. ಇದನ್ನ ನಿನ್ನ ತಲೆ ಹತ್ರ ಇಡಬೇಕಂತೆ. ನಿನ್ನ ಹುಣ್ಣಿಗೆ ಏನಾದ್ರೂ ಆದ್ರೆ ನಾನೇನು ಮಾಡ್ಲಿ?"

ಅಕ್ಕ ಕಣ್ಣು ಮುಚ್ಚಿದಳು. ತುಂಬ ಹೊತ್ತು ಮುಚ್ಚಿಯೇ ಇದ್ದಳು, ನಿದ್ದೆ ಹೋದಳೇನೋ ಅಂದುಕೊಂಡೆವು. ಆಮೇಲೆ ತೆರೆದು ನೇರ ತೊಟ್ಟಿಯ ಕಡೆ ನೋಡಿದಳು. ಬಾಯಿಯ ಎಡತುದಿ ಅಲುಗಿತು.

ಅವನು ಉಸಿರು ಬಿಗಿಹಿಡಿದು ಬರಿಗೈಯಲ್ಲಿ ಸ್ಪಂಜನ್ನು ಹಿಂಡಿದ. ತಿಳಿ ನೀರಿನಲ್ಲಿ ಕಂದು ಹೊಗೆ ಬಿಚ್ಚಿಕೊಂಡಂತೆ ಹರಡಿತು.

ಆಮೇಲಿನ ದಿನಗಳಲ್ಲಿ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಯಿತು. ಕೋಣೆಗೆ ಹೋದಾಗಲೆಲ್ಲ ಅವನ ಕೈ ತುರಿಸುತ್ತಿತ್ತು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದ. ತಡೆಯಲಾಗದೆ ಒಮ್ಮೆ ಗಾಜಿನ ಹೊರಮೈಯನ್ನಾದರೂ ಒರೆಸುತ್ತೇನೆ ಎಂದು ಬಟ್ಟೆ ತಂದಾಗ ಆಯಾ ಕಿತ್ತುಕೊಂಡಳು.

"ಹೊರಗಿಂದ ಶುರುಮಾಡಿ ನೀವು ಒಳಗೆ ಹೋಗೋರೇ ಅಣ್ಣ. ಗೊತ್ತು ನನಗೆ."

ಆ ಬಟ್ಟೆಯಿಂದ ಅವನು ಬಾಗಿಲ ಹಿಡಿ ಒರೆಸಿದ. ಕಿಟಕಿಯ ಸರಳು ಒರೆಸಿದ. ತೊಟ್ಟಿಯೊಂದನ್ನು ಬಿಟ್ಟು ಇಡೀ ಮನೆ ಹೊಳೆಯುತ್ತಿತ್ತು. ಕೆಲಸಕ್ಕೆ ಹೊರಡುವ ಮುಂಚೆ ದಿನಾ ಆ ಖಾಲಿ ನೀರಿಗೆ ಒಂದು ಚಿಟಿಕೆ ಆಹಾರ ಉದುರಿಸುತ್ತಿದ್ದ. "ಇಲ್ಲದ ಮೀನಿಗೆ ಊಟ ಹಾಕೋ ಮನೆ ಇದೊಂದೇ" ಎಂದು ಆಯಾ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಅಕ್ಕ ಮಾತ್ರ ಆ ನೀರನ್ನು ನೋಡುತ್ತಿದ್ದಳು. ಮೀನಿರಲಿಲ್ಲ, ಗುಳ್ಳೆ ಮಾತ್ರ ಏಳುತ್ತಿದ್ದವು. ಮಬ್ಬು ಕೆಳಗಿನಿಂದ ಮೆಲ್ಲಗೆ ಕರಗಿತು. ಒಂದು ಕಲ್ಲಿನ ಮೇಲೆ ಉಗುರಿನಷ್ಟು ಹಸಿರು ಕಾಣಿಸಿಕೊಂಡಿತು. ಅಕ್ಕ ಅದರ ಮೇಲೆ ಕಣ್ಣು ನೆಟ್ಟು ಮಲಗುತ್ತಿದ್ದಳು. ಗೋಡೆಯ ಕಡೆಗೆ ತಿರುಗಿಸುವಾಗ ಅವಳು ಅಳುವುದು ನಿಂತಿತ್ತು. ಇದನ್ನು ಮೊದಲು ಗಮನಿಸಿದವಳು ಆಯಾ: "ಅಣ್ಣ, ದಿಂಬು ಒಣಗಿದೆ."

ಹಬೆಯಣ್ಣ ಒಂದು ಶೀಶೆಯಲ್ಲಿ ನೀರು ತುಂಬಿಕೊಂಡು ಆಗಾಗ ಅಂಗಡಿಗೆ ಒಯ್ಯುತ್ತಿದ್ದ. ಆಕೆ ಅದಕ್ಕೆ ಯಾವುದೋ ದ್ರಾವಣದ ಹನಿ ಹಾಕಿ, ಬಣ್ಣ ನೋಡಿ, ತಲೆಯಾಡಿಸಿ ಕಳಿಸುತ್ತಿದ್ದಳು. ಕೊನೆಗೊಂದು ದಿನ, "ಆಯ್ತು ನೋಡಿ. ನಿಮ್ಮ ಆಳುಗಳು ಕೆಲಸಕ್ಕೆ ಬಂದ್ರು. ಈ ಭಾನುವಾರ ಬನ್ನಿ, ಮೀನು ಕೊಡ್ತೀನಿ. ಆದ್ರೆ ಒಂದು ಮಾತು: ಆ ಸ್ಪಂಜನ್ನ ಯಾವತ್ತೂ ತೊಳೀಬೇಡಿ. ತೊಳೆದ್ರೆ ಮತ್ತೆ ಮೊದಲಿಂದ ಶುರು" ಎಂದಳು. ಅವನು ಆ ಶೀಶೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದು, ನನ್ನ ಉಗ್ರಾಣದ ಮೇಜಿನ ಮೇಲಿಟ್ಟ.

"ನೋಡು. ಜೀವ ಇದೆಯಂತೆ ಇದರಲ್ಲಿ. ನಾನು ಮಾಡಿದ್ದು."

ಅವನ ಮುಖದಲ್ಲಿ ಅಂಥ ಖುಷಿಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಮುಂದೆಯೂ ನೋಡಲಿಲ್ಲ.

ಶುಕ್ರವಾರ ಮಧ್ಯಾಹ್ನ, ಯಂತ್ರದ ಬಾಗಿಲು ಬಿಗಿದು, ಒಳಗೆ ಹಬೆ ತುಂಬುವುದನ್ನು ಕಾಯುತ್ತ ಸ್ಟೂಲಿನ ಮೇಲೆ ಕೂತವನು ಹಾಗೇ ಗೋಡೆಗೆ ಒರಗಿದ. ಅಲ್ಲಿದ್ದವರು ತೂಕಡಿಸುತ್ತಿದ್ದಾನೆ ಅಂದುಕೊಂಡರು. ಅವನು ಎಂದೂ ತೂಕಡಿಸಿದವನಲ್ಲ ಎಂಬುದು ಅವರಿಗೆ ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತಿತ್ತು. ಮೂರು ಅಂತಸ್ತು ಮೇಲೆ ಹೃದಯದ ಡಾಕ್ಟರುಗಳಿದ್ದರು.

ಅಕ್ಕನಿಗೆ ನಾನೇ ಹೇಳಿದೆ. ಹೇಗೆ ಹೇಳಿದೆ ಎಂದು ಬರೆಯಲಾರೆ. ಅವಳು ಹೌದೂ ಅನ್ನಲಿಲ್ಲ, ಸೂರನ್ನೂ ನೋಡಲಿಲ್ಲ. ಅಂತ್ಯಕ್ರಿಯೆಯ ಗಡಿಬಿಡಿಯಲ್ಲಿ ಅವಳನ್ನು ನೋಡಿಕೊಳ್ಳುವವರಿರಲಿಲ್ಲವಾದ್ದರಿಂದ, ಹಳೆಯ ನೌಕರಳೆಂದು ಆಸ್ಪತ್ರೆಯವರೇ ಒಂದು ವಾರ್ಡಿನಲ್ಲಿ ಕೆಲವು ದಿನ ಇರಿಸಿಕೊಂಡರು. ಆಯಾ ಅಲ್ಲೇ ಅವಳ ಜೊತೆಗಿದ್ದಳು.

ಅಕ್ಕನನ್ನು ಮನೆಗೆ ಕರೆತರುವ ದಿನ ನಾನು ಮುಂಚೆಯೇ ಹೋದೆ. ಬಾಗಿಲು ತೆರೆದಿತ್ತು. ಹಬೆ ವಿಭಾಗದ ಅಷ್ಟೂ ಜನ ಒಳಗಿದ್ದರು, ತೋಳು ಮಡಚಿ, ಬಕೆಟ್ಟು, ಬಟ್ಟೆ ಹಿಡಿದುಕೊಂಡು. ಆಪರೇಷನ್ ಸಾಮಾನು ಎಣಿಸಿ ಗಂಟು ಕಟ್ಟುವವನೊಬ್ಬ ಅವರಲ್ಲಿ ಹಿರಿಯ, ಎಲ್ಲರೂ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಅವನು ಕಣ್ಣು ಕೆಂಪು ಮಾಡಿಕೊಂಡು ನನ್ನ ಬಳಿ ಬಂದ.

"ಅಕ್ಕೋರು ಬರೋ ಮುಂಚೆ ಮನೆ ತೊಳೆದುಬಿಟ್ವಿ ಸಾರ್. ಅಣ್ಣ ಇದ್ದಾಗ ಹೆಂಗಿತ್ತೋ ಹಂಗೇ ಇರಬೇಕು ಅಂತ. ನಾವು ಇನ್ನೇನು ಮಾಡೋಕಾಗುತ್ತೆ ಹೇಳಿ? ಒಂದು ಮೂಲೇನೂ ಬಿಟ್ಟಿಲ್ಲ."

ನಾನು ಕೋಣೆಯ ಕಡೆ ನೋಡಿದೆ.

"ಆ ಮೀನಿನ ತೊಟ್ಟಿ ನೋಡಿ ನಮಗೇ ಕರುಳು ಚುರ್ ಅಂತು ಸಾರ್. ಪಾಚಿ ಕಟ್ಟಿತ್ತು, ಸ್ಪಂಜು ಗಲೀಜಾಗಿತ್ತು. ಅಣ್ಣನಿಗೆ ಕೊನೇ ದಿನಗಳಲ್ಲಿ ಮೈಯಲ್ಲಿ ಆಗ್ತಿರಲಿಲ್ಲ ಅನ್ಸುತ್ತೆ, ಇಲ್ಲದಿದ್ರೆ ಹಂಗೆ ಬಿಡೋರೇ ಅವರು? ಕಲ್ಲೆಲ್ಲ ನಮ್ಮ ಯಂತ್ರದಲ್ಲೇ ಹಾಕಿ ತೆಗೆದ್ವಿ. ಅವರ ಯಂತ್ರದಲ್ಲೇ. ಈಗ ಗಾಜು ನೋಡಿ, ಇದೆಯೋ ಇಲ್ಲವೋ ಗೊತ್ತಾಗಲ್ಲ."

ನಿಜ, ಗೊತ್ತಾಗುತ್ತಿರಲಿಲ್ಲ. ತೊಟ್ಟಿಯ ಒಳಗಿಂದ ಹಿಂದಿನ ಸುಣ್ಣದ ಗೋಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೆಳ್ಳಗಾದ ಸ್ಪಂಜು ಕಿಟಕಿಯಲ್ಲಿ ಒಣಗುತ್ತಿತ್ತು.

ಕತ್ತರಿ ನನ್ನ ಮುಖವನ್ನೇ ನೋಡುತ್ತಿದ್ದ. "ಸರಿಯಾಗಿದೆ ಅಲ್ವಾ ಸಾರ್?"

"ಸರಿಯಾಗಿದೆ" ಎಂದೆ. "ಅವನೇ ತೊಳೆದ ಹಾಗಿದೆ."

ಅವನು ಅತ್ತ. ಆ ಮಾತನ್ನು ಈಗಲೂ ಎಲ್ಲರಿಗೂ ಹೇಳಿಕೊಳ್ಳುತ್ತಾನೆ. ನಾನು ಇವತ್ತಿಗೂ ಅವನಿಗೆ ನಿಜ ಹೇಳಿಲ್ಲ, ಹೇಳುವುದೂ ಇಲ್ಲ.

ಸಂಜೆ ಅಕ್ಕನನ್ನು ಗೋಡೆಯ ಕಡೆಗೆ ತಿರುಗಿಸುವ ಹೊತ್ತಾಯಿತು. ಆಯಾ ನನ್ನ ಮುಖ ನೋಡಿದಳು. ಟವೆಲು ಹೊದಿಸಿಯೂ ಪ್ರಯೋಜನವಿರಲಿಲ್ಲ. ತಿರುಗಿಸಿದಳು. ಅಕ್ಕ ಆ ಹಸಿರು ಕಲ್ಲಿದ್ದ ಜಾಗವನ್ನು ಹುಡುಕಿದಳು. ಗಾಜಿನ ಉದ್ದಕ್ಕೂ ಹುಡುಕಿ, ಕಣ್ಣು ಮುಚ್ಚಿದಳು. ತೆರೆಯಲಿಲ್ಲ, ಹಾಗಾಗಿ ಅದು ಹೌದು ಅಲ್ಲ.

ನಾನು ಮೀನಿನಂಗಡಿಗೆ ಹೋದೆ. ಆಕೆ ಒಂದು ಸಣ್ಣ ತೊಟ್ಟಿಯಲ್ಲಿ ಕಿತ್ತಳೆ ಬಾಲದ ಮೂರು ಮೀನುಗಳನ್ನು ಬೇರೆಯಾಗಿ ಇಟ್ಟಿದ್ದಳು.

"ಬಂದ್ರಲ್ಲ! ಭಾನುವಾರ ಅಂದ್ರೆ ಯಾವ ಭಾನುವಾರ ಸಾರ್ ನಿಮ್ಮದು? ಎಲ್ಲಿ ಅವರು?"

ಹೇಳಿದೆ. ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು. ತೊಟ್ಟಿಯ ಕಥೆಯನ್ನೂ ಹೇಳಿದೆ. ಒಳಗೆ ಹೋಗಿ, ಒಂದು ಕಂದು ಸ್ಪಂಜನ್ನು ಚೀಲಕ್ಕೆ ಹಾಕಿ ತಂದು ನನ್ನ ಕೈಗಿಟ್ಟಳು.

ಆದರೆ ಆ ಮನೆಯಲ್ಲಿ ಅಕ್ಕನನ್ನು ಇರಿಸಿಕೊಳ್ಳಲಾಗಲಿಲ್ಲ. ಹಗಲಿಗೆ ಆಯಾ ಇದ್ದಳು, ಉಳಿದ ಹೊತ್ತಿಗೆ ತಮ್ಮ ಇದ್ದ, ಈಗ ಅವನಿಲ್ಲ. ಸ್ವಲ್ಪ ದಿನ ನಾನೇ ಅಲ್ಲಿ ಮಲಗಿದೆ. ಅವಳನ್ನು ಎತ್ತಿ ತಿರುಗಿಸುವ ಕೌಶಲ ನನಗಿರಲಿಲ್ಲ, ಹುಣ್ಣು ದೊಡ್ಡದಾಯಿತು. ಕೊನೆಗೆ ಆಸ್ಪತ್ರೆಯವರು ಹೇಳಿದ ಆರೈಕೆ ಕೇಂದ್ರವೊಂದಕ್ಕೆ ಸೇರಿಸಿದೆವು. ಒಳ್ಳೆಯ ಜಾಗ. ಉದ್ದನೆಯ ಕೋಣೆ, ಮಂಚ ಮಂಚಗಳ ನಡುವೆ ಎತ್ತರದ ಅಡ್ಡಗೋಡೆ. ತೊಟ್ಟಿ ತರಬಹುದೇ ಎಂದು ಅಲ್ಲಿನ ಮೇಲ್ವಿಚಾರಕಿಯನ್ನು ಕೇಳಿದೆ.

"ನಿಂತ ನೀರಾ?" ಎಂದಳು ಆಕೆ. "ಸಾಧ್ಯವೇ ಇಲ್ಲ. ಸೋಂಕಾದ್ರೆ ಯಾರು ಹೊಣೆ?"

ಗೆಳೆಯ ಇದ್ದಿದ್ದರೆ ಅವಳ ಮಾತಿಗೆ ತಲೆದೂಗುತ್ತಿದ್ದ.

ಈಗ ತೊಟ್ಟಿ ನನ್ನ ಮನೆಯಲ್ಲಿದೆ, ಅಕ್ಕನ ಹೊಲಿಗೆ ಯಂತ್ರದ ಮೇಜಿನ ಮೇಲೆಯೇ. ತೊಟ್ಟಿ ಸಾಗಿಸಿದ ಮೇಲೆ ಅಂಗಡಿಯಾಕೆ ಮತ್ತೆ ಕೊಟ್ಟ ಇನ್ನೊಂದು ಸ್ಪಂಜನ್ನು ಅವನು ಹಿಂಡಿದಂತೆಯೇ ಬರಿಗೈಯಲ್ಲಿ ಹಿಂಡಿದೆ. ದಿನಾ ಒಂದು ಚಿಟಿಕೆ ಆಹಾರ ಹಾಕುತ್ತೇನೆ. ಭಾನುವಾರ ಅಕ್ಕನ ಬಳಿ ಹೋಗಿ ನೀರಿನ ಸುದ್ದಿ ಹೇಳುತ್ತೇನೆ. ಬೇರೆ ಸುದ್ದಿ ನನ್ನಲ್ಲಿಲ್ಲ.

"ಅಕ್ಕ, ನೀರು ಮಬ್ಬಾಗಿದೆ" ಎಂದೆ ಒಂದು ಭಾನುವಾರ. ಇನ್ನೊಂದು ಭಾನುವಾರ, "ಅಕ್ಕ, ತಳ ಕಾಣ್ತಾ ಇದೆ." ಅವಳು ನನ್ನನ್ನೇ ನೋಡುತ್ತಾಳೆ. ಕಲ್ಲಿನ ಮೇಲೆ ಹಸಿರು ಬಂದದ್ದನ್ನು ಹೇಳಿದ ದಿನ ಅವಳು ಕಣ್ಣು ಮುಚ್ಚಿ ತೆರೆದಳು. ಯಾವ ಪ್ರಶ್ನೆಯೂ ಇಲ್ಲದೆ ಹೌದು ಎಂದಳು.

ಹೋದ ವಾರ ಅಂಗಡಿಯಾಕೆ ನೀರು ನೋಡಿ, ಆಯ್ತು ಎಂದಳು. ನಾನು ಅಕ್ಕನಿಗೆ ಹೇಳಿದೆ.

"ನೀರು ತಯಾರಾಗಿದೆ ಅಕ್ಕ. ಮೀನು ಬಿಡ್ಲಾ?"

ಅವಳು ಸೂರಿನ ಕಡೆ ನೋಡಿದಳು.

ತಪ್ಪು ತಿಳಿದೆನೇನೋ ಎಂದು ಮತ್ತೆ ಕೇಳಿದೆ. ಮತ್ತೆ ಸೂರು. ಈ ಸಲ ಕಣ್ಣನ್ನು ಅಲ್ಲೇ ಇಟ್ಟಳು, ಇನ್ನು ಕೇಳಬೇಡ ಎನ್ನುವ ಹಾಗೆ.

"ಸರಿ ಅಕ್ಕ. ಬಿಡಲ್ಲ."

ಅವಳ ತಮ್ಮ ಅವಳಿಗೆ ಬಿಟ್ಟುಹೋದದ್ದೂ ಮೀನಿಲ್ಲದ ನೀರೇ. ಮುಂದಿನ ಭಾನುವಾರಕ್ಕೆ ನೀರಿನಲ್ಲಿ ಸುದ್ದಿ ಏನೂ ಇರುವುದಿಲ್ಲ. ತಯಾರಾದ ನೀರು ಹಾಗೇ ಇರುತ್ತದೆ, ಅಷ್ಟೆ. ಮೇವು ನಿಲ್ಲಿಸಿದರೆ ಅದರಲ್ಲಿರುವವು ಸಾಯುತ್ತವೆ, ಹಾಗಾಗಿ ಚಿಟಿಕೆ ಹಾಕುವುದನ್ನು ನಿಲ್ಲಿಸಲಾರೆ.

ಅಷ್ಟರಲ್ಲಿ ಕೇಂದ್ರದ ಇಬ್ಬರು ಹೆಂಗಸರು ಬಂದರು. "ಸ್ವಲ್ಪ ಏಳಿ ಸಾರ್, ಇವರನ್ನ ತಿರುಗಿಸಬೇಕು" ಎಂದರು. ಕೈಗವಸು ತೊಟ್ಟಿದ್ದರು. ಒಬ್ಬಳು ಭುಜ, ಒಬ್ಬಳು ಸೊಂಟ ಹಿಡಿದು, ಹಾಸಿಗೆಯ ಮೇಲೆ ಒಂದು ಸುಕ್ಕೂ ಬೀಳದಂತೆ ಅಕ್ಕನನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ದಿಂಬು ಒತ್ತಿ ಹೋದರು. ಆ ಕಡೆಯೂ ಗೋಡೆಯೇ. ಮಂಚಕ್ಕೂ ಗೋಡೆಗೂ ನಡುವೆ ಒಂದು ಕುರ್ಚಿಗೆ ಸಾಲುವಷ್ಟು ಜಾಗ ಇತ್ತು. ನಾನು ಕುರ್ಚಿ ಎತ್ತಿಕೊಂಡು ಹೋಗಿ ಅಲ್ಲಿ ಹಾಕಿ, ಅವಳ ಕಣ್ಣಿನ ಎತ್ತರಕ್ಕೆ ಬರುವಂತೆ ಬಗ್ಗಿ ಕೂತೆ.